ಪೆನ್ಸಿಲಿನ ಗೀಟು

ಆ ಶನಿವಾರ ಕಂಪ್ಲಿಯಲ್ಲಿ ತಮ್ಮ ಯೋಸೇಫ ತನ್ನ ಬಿಳಿ ಅಂಗಿ ಒಗೆದು ಬೇಲಿಗೆ ಹರವಿದ್ದ. ಕುಡಿತಕ್ಕಾಗಿ ಅವನನ್ನು ನಮ್ಮ ಕ್ರೈಸ್ತ ಸಭೆಯಿಂದ ಹೊರಗಿಟ್ಟು ವರ್ಷವಾಗಿತ್ತು. ಈಗ ಕುಡಿತ ಬಿಟ್ಟಿದ್ದ. ಮರುದಿನ ಹೊಸಪೇಟೆಯ ಪಾದ್ರಿ ಬಂದಾಗ ಎಲ್ಲರ ಮುಂದೆ ತಪ್ಪೊಪ್ಪಿಕೊಂಡರೆ ಅವನನ್ನು ಸಭೆಗೆ ಮರಳಿ ಸೇರಿಸಿ, ಆರಾಧನೆಯಲ್ಲಿ ಹಂಚುವ ಪ್ರಭುಭೋಜನದ ರೊಟ್ಟಿ ಮತ್ತೆ ಕೊಡುತ್ತಿದ್ದರು.

"ಅಕ್ಕಾ, ಅಲ್ಲಿ ನಿಂತಾಗ ಕಾಲು ನಡುಗಿದ್ರ ನಗಬ್ಯಾಡ," ಎಂದ.

"ಕುಡದು ನಡುಗೋದಕ್ಕಿಂತ ಚಲೋ ಬಿಡು," ಎಂದೆ.

ಭಾನುವಾರ ನಮ್ಮ ಸಭೆಯ ಗುಡಿಯಲ್ಲಿ ಆರಾಧನೆಯ ಗಂಟೆ ಬಾರಿಸುವ ಮೊದಲೇ ಅವನು ವಾಂತಿಭೇದಿಯಲ್ಲಿ ತೀರಿಕೊಂಡ.

ಇಂದು ಬಂಡಿಯಲ್ಲಿ ಹೊಸಪೇಟೆಗೆ ಬಂದು, ಅವನ ಹೆಸರನ್ನು ಮತ್ತೆ ಸೇರಿಸಿರೆಂದು ಪಾದ್ರಿಯವರನ್ನು ಬೇಡಿದೆ. ಅವರು ಮೇಜಿನ ಮೇಲೆ ಸಭೆಯ ಪುಸ್ತಕ ತೆರೆದರು. ಹೆಸರುಗಳೆಲ್ಲ ಮಸಿಯಲ್ಲಿದ್ದವು, ತಮ್ಮನ ಹೆಸರಿನ ಮೇಲೆ ಎಳೆದ ಗೀಟು ಮಾತ್ರ ಪೆನ್ಸಿಲಿನದು.

"ತಿರುಗಿ ಬಂದಾಗ ಅಳಸಾಕ ಬರಲಿ ಅಂತ ಹಿಂಗ ಎಳಿತೀವಮ್ಮ," ಎಂದರು.

"ಹಂಗಾದ್ರ ಅಳಸ್ರಿ, ಅಯ್ಯನವರೇ."

"ಅವ ಸಭೆ ಮುಂದ ಬಾಯಿಬಿಟ್ಟು ಹೇಳಬೇಕಿತ್ತು. ದೇವರು ಕ್ಷಮಿಸಿರಬಹುದು. ನನಗ ಆ ಅಧಿಕಾರ ಇಲ್ಲ."

ರಬ್ಬರು ಅವರ ಕೈಯ ಪಕ್ಕದಲ್ಲೇ ಇತ್ತು. ಪುಸ್ತಕ ಮುಚ್ಚಿದರು.

ಮರಳುವ ಬಂಡಿಗಾಗಿ ಹುಣಸೆಮರದಡಿ ಕಾಯುತ್ತ ಇದನ್ನು ಬರೆಯುತ್ತಿದ್ದೇನೆ. ಬಿಳಿ ಅಂಗಿ ತೊಡಿಸಿಯೇ ಅವನನ್ನು ಮಣ್ಣು ಮಾಡಿದೆವು. ಹೆಸರಿನ ಮೇಲಿನ ಗೀಟನ್ನು ಇನ್ನೂ ಯಾರೂ ಅಳಿಸಿಲ್ಲ.