ಆಪತ್ತಿಗೆಂದು ಸಾಕಿದ ಆಡು

ಆಡಿನವ್ವನ ಸೆರಗಿನ ತುದಿ ಯಾವಾಗಲೂ ಒದ್ದೆಯಾಗಿ ಮುದುರಿಕೊಂಡಿರುತ್ತಿತ್ತು. ಅಂಚು ಕಿತ್ತುಹೋಗಿ ದಾರಗಳು ಜೋಲುತ್ತಿದ್ದವು. ಹಾಲು ಕರೆಯಲು ಕುಕ್ಕರುಗಾಲಲ್ಲಿ ಕೂತಾಗ ಹಿಂದಿನಿಂದ ಬಂದ ಆಡಿನ ಮರಿ ಅದನ್ನು ಬಾಯಿಗೆ ಹಾಕಿಕೊಂಡು ಜಗಿಯುತ್ತಿತ್ತು. ಬಿಡಿಸಿಕೊಳ್ಳಲು ಅವರಿಗೆ ಪುರುಸೊತ್ತಿರುತ್ತಿರಲಿಲ್ಲ, ಬಹುಶಃ ಮನಸ್ಸೂ ಇರುತ್ತಿರಲಿಲ್ಲ. ಹಬ್ಬಕ್ಕೆ ಹೊಸ ಸೀರೆ ಉಟ್ಟರೂ ಸಂಜೆಯ ಹೊತ್ತಿಗೆ ಅದಕ್ಕೂ ಅದೇ ಗತಿ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನನ್ನ ಯಜಮಾನರಿಗೆ ಶಿಕಾರಿಪುರದ ಶಾಲೆಗೆ ವರ್ಗವಾಗಿತ್ತು. ಬಾಡಿಗೆಗೆ ಮನೆ ಹುಡುಕಿ ಹುಡುಕಿ ಸುಸ್ತಾದ ಮೇಲೆ ಸಿಕ್ಕಿದ್ದು ಆಡಿನವ್ವನ ಮನೆಯ ಅರ್ಧ ಭಾಗ. ಮುಂದಿನ ಪಡಸಾಲೆ ಮತ್ತು ಒಂದು ಅಡುಗೆಕೋಣೆ ನಮಗೆ; ಹಿಂದಿನ ಕೋಣೆ, ಹಿತ್ತಲು, ಹಿತ್ತಲಲ್ಲಿದ್ದ ಆಡು, ಕೋಳಿಗಳೆಲ್ಲ ಅವರಿಗೆ. ನಮ್ಮದು ಮಾಂಸ ಮುಟ್ಟದ ಮನೆ. ಕೋಳಿಯ ಸದ್ದು ಕೇಳಿದ ಕೂಡಲೇ ನಮ್ಮತ್ತೆ ಮುಖ ಹಿಂಡಿದರು. ಬೇರೆ ಮನೆ ಸಿಗುವವರೆಗೆ ಮಾತ್ರ ಎಂದು ಯಜಮಾನರು ಸಮಾಧಾನ ಹೇಳಿದರು. ಆ ಬೇರೆ ಮನೆ ಸಿಗಲೇ ಇಲ್ಲ, ಆಮೇಲೆ ನಾವು ಹುಡುಕಲೂ ಇಲ್ಲ.

ಕೇರಿಯವರು ಅವರನ್ನು ಆಡಿನವ್ವ ಎನ್ನುತ್ತಿದ್ದರು. ನಾನು ಎದುರಿಗೆ ಅವ್ವಾರೆ ಎನ್ನುತ್ತಿದ್ದೆ. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಬೆಳಗ್ಗೆ ಎದ್ದು ಹಿತ್ತಲ ಬಾಗಿಲು ತೆಗೆಯುವಾಗಲೇ ಅವರ ಬಾಯಿಂದ ಬರುವ ಮೊದಲ ಮಾತು "ಸಾಕಾಗೈತವ್ವ" ಎಂದು. ದಿನ ಇನ್ನೂ ಶುರುವಾಗಿರುತ್ತಿರಲಿಲ್ಲ. ಅದು ಬೇಸರದ ಮಾತೂ ಅಲ್ಲ, ದೂರೂ ಅಲ್ಲ. ನಾವು ಎದ್ದ ಕೂಡಲೇ ಆಕಳಿಸುವ ಹಾಗೆ ಅವರಿಗೆ ಅದು. ಆಮೇಲೆ ಗೂಡಿನಿಂದ ಕೋಳಿ ಬಿಡಬೇಕು, ನುಚ್ಚು ಹಾಕಬೇಕು, ಹಿಕ್ಕೆ ಗುಡಿಸಿ ಗುಂಡಿಗೆ ತುಂಬಬೇಕು, ದೋಟಿ ಹೆಗಲಿಗೇರಿಸಿ ಕೆರೆ ಏರಿಯ ಕಡೆ ಹೋಗಿ ಹಲಸಿನ ಸೊಪ್ಪು, ಅತ್ತಿ ಸೊಪ್ಪು ಇಳಿಸಿಕೊಂಡು ಬರಬೇಕು. ಹೊರೆ ಇಳಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಹುಂಜವೊಂದು ಪಕ್ಕದ ಮನೆಯವರು ಒಣಗಲು ಹಾಕಿದ ಭತ್ತಕ್ಕೆ ಕಾಲಿಟ್ಟಿರುತ್ತಿತ್ತು. ಅವರು ಕೂತು ಉಂಡದ್ದನ್ನು ನಾನು ನೋಡಿದ ನೆನಪೇ ಇಲ್ಲ.

ನನಗಂತೂ ಆಡು ಕಂಡರೆ ಆಗುತ್ತಿರಲಿಲ್ಲ. ಈಗಲೂ ಅಷ್ಟೆ. ಅದರ ವಾಸನೆ, ಅದರ ಹಟ, ತೊಳೆದಿಟ್ಟ ಪಾತ್ರೆಗೂ ಬಾಯಿ ಹಾಕುವ ಬುದ್ಧಿ. ಇಷ್ಟೆಲ್ಲ ಯಾರಿಗಾಗಿ ಎಂದು ಒಮ್ಮೆ ಕೇಳಿಯೇಬಿಟ್ಟೆ. ಆಪತ್ತಿಗೆ ಎಂದರು. ಅವರ ತವರು ಈಸೂರು. ಅಲ್ಲಿ ನಲವತ್ತೆರಡರ ಸ್ವಾತಂತ್ರ್ಯದ ಗಲಾಟೆಯಾದ ವರ್ಷ ಗಂಡಸರೆಲ್ಲ ಪೊಲೀಸರಿಗೆ ಹೆದರಿ ಮನೆ ಬಿಟ್ಟು ಕಾಡು ಸೇರಿದಾಗ, ಇವರ ತಾಯಿ ಮನೆಯ ಮಕ್ಕಳನ್ನೆಲ್ಲ ಎರಡು ಆಡಿನ ಹಾಲಿನಲ್ಲಿ ಉಳಿಸಿಕೊಂಡರಂತೆ. ದನ ಕಟ್ಟಿದಲ್ಲೇ ಇರುತ್ತದೆ, ಕಣಜ ಇಟ್ಟಲ್ಲೇ ಇರುತ್ತದೆ, ಆಡಾದರೆ ನಾವು ಓಡಿದರೆ ನಮ್ಮ ಜೊತೆ ಓಡುತ್ತದೆ ಎಂದು ತಾಯಿ ಹೇಳಿದ್ದನ್ನು ಇವರು ಬಿಟ್ಟಿರಲಿಲ್ಲ.

ಆದರೆ ಆ ಆಪತ್ತು ಯಾವುದು ಎಂಬುದೇ ನಮಗೆ ತಿಳಿಯುತ್ತಿರಲಿಲ್ಲ. ಹೆಂಚು ಒಡೆದು ಅವರ ಕೋಣೆ ಸೋರುತ್ತಿತ್ತು. ಒಂದು ಹೋತ ಮಾರಿ ಸರಿಮಾಡಿಸಿ ಎಂದು ಯಜಮಾನರು ಹೇಳಿದರೆ, "ಇದು ಆಪತ್ತಲ್ಲ ಬಿಡ್ರಿ ಮೇಷ್ಟ್ರೆ" ಎಂದು ಸೋರುವ ಕಡೆ ಕೊಡಪಾನ ಇಟ್ಟರು. ಹಲ್ಲು ನೋವಿಗೆ ಕೆನ್ನೆ ಬಾತು ಕಣ್ಣು ಮುಚ್ಚಿಹೋದಾಗಲೂ ಅದೇ ಮಾತು. ಈ ಪುಣ್ಯಾತ್ಗಿತ್ತಿಯ ಆಪತ್ತಿಗೆ ಪಂಚಾಂಗ ತೆಗೆದು ಮುಹೂರ್ತ ಇಡಬೇಕು ಎಂದು ನಮ್ಮತ್ತೆ ನಗುತ್ತಿದ್ದರು. ಅವರೂ ಮನಸ್ಸಿಗೆ ಹಚ್ಚಿಕೊಳ್ಳದೆ ನಕ್ಕು ಸೊಪ್ಪು ಕಟ್ಟಲು ಹೋಗುತ್ತಿದ್ದರು.

ನಾವು ಆ ಮನೆಗೆ ಬಂದ ಮರುವರ್ಷದ ಬೇಸಿಗೆಯಲ್ಲಿ ಕೇರಿಗೆ ಕೋಳಿರೋಗ ಬಂತು. ಹಸಿರಾಗಿ ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು, ಬೆಳಗ್ಗೆ ಚೆನ್ನಾಗಿದ್ದ ಕೋಳಿ ಸಂಜೆಗೆ ಇಲ್ಲ. ಅಂಥ ಹೊತ್ತಿನಲ್ಲಿ ಆ ಕಡೆಯ ಜನ ಮಾಡುವುದು ಒಂದೇ: ಇನ್ನೂ ಗಟ್ಟಿಯಾಗಿರುವ ಕೋಳಿಗಳನ್ನು ಕುಕ್ಕೆಗೆ ತುಂಬಿ, ರೋಗವಿಲ್ಲದ ಊರಿನ ನೆಂಟರ ಮನೆಗೆ ಸಾಗಿಸುವುದು. ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸುತ್ತಿರಲಿಲ್ಲ. ಉರಿಯುವ ಮನೆಯಿಂದ ಮಕ್ಕಳನ್ನು ಹೊರಗೆ ಎತ್ತಿಕೊಂಡು ಬಂದ ಹಾಗೆ, ಅಷ್ಟೆ. ಅವ್ವಾರ ಒಬ್ಬಳೇ ತಂಗಿಯನ್ನು ಸೊರಬದ ಆಚೆ, ಗುಡವಿಗೆ ಹತ್ತಿರದ ಹಳ್ಳಿಗೆ ಕೊಟ್ಟಿತ್ತು. ಕುಕ್ಕೆಯ ಬಾಯಿಗೆ ಹಳೆಯ ಸೀರೆ ಕಟ್ಟಿಕೊಂಡು ಇವರು ಬಸ್ಸು ಹತ್ತಿದರು.

ಕುಕ್ಕೆಯಲ್ಲಿ ಗಟ್ಟಿಯಾಗಿ ಕಂಡ ಕೋಳಿಗಳ ಒಳಗೂ ರೋಗ ಕೂತಿತ್ತು. ಇವರು ಹಿಂತಿರುಗಿದ ಸ್ವಲ್ಪ ದಿನಕ್ಕೇ ತಂಗಿಯ ಮನೆಯ ಕೋಳಿಗಳೆಲ್ಲ ಹೋದವು. ಆಕೆಯ ಮಗಳು ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬಾಣಂತಿಗೆ ಸಾರು ಮಾಡಿ ಹಾಕಲೆಂದು ಆ ತಾಯಿ ವರ್ಷವೆಲ್ಲ ಒಂದು ಕೋಳಿಯನ್ನೂ ಕೊಯ್ಯದೆ, ಮಾರದೆ ಬೆಳೆಸಿದ್ದವು ಅವು. ಸುದ್ದಿ ತಿಳಿದು ಇವರು ಹೋದರೆ ತಂಗಿ ಮುಖ ತಿರುಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ.

ಇವರನ್ನು ಸಮಾಧಾನ ಮಾಡಲು ನಾನೇ ಒಂದು ನೆಪ ಹುಡುಕಿದೆ. ಗುಡವಿಯ ಕೆರೆಗೆ ಎಲ್ಲೆಲ್ಲಿಂದಲೋ ಹಕ್ಕಿಗಳು ಬರುತ್ತವಲ್ಲ, ರೋಗ ಅವುಗಳಿಂದ ಬಂದಿರಬಹುದು ಎಂದೆ. ಅವರು ತಲೆ ಎತ್ತಲಿಲ್ಲ.

"ಹಕ್ಕಿ ವರ್ಷಾನೂ ಬರ್ತಾವವ್ವ. ಕುಕ್ಕೆ ಹೊತ್ಕೊಂಡು ಹೋದಾಕಿ ನಾನು" ಎಂದರು.

ಅವರ ಹಿತ್ತಲಲ್ಲಿ ಕೆಂಪಿ ಎಂಬ ಆಡಿತ್ತು. ಹಾಲಿಗೆ ಅದರಷ್ಟು ಒಳ್ಳೆಯದು ಇನ್ನೊಂದಿರಲಿಲ್ಲ, ಆಗ ಗಬ್ಬವೂ ಆಗಿತ್ತು. ಅದನ್ನು ಬಸ್ಸಿನ ಮೇಲೆ ಹತ್ತಿಸಿಕೊಂಡು ಹೋಗಿ, ತಂಗಿಯ ಅಂಗಳದ ಕಂಬಕ್ಕೆ ಕಟ್ಟಿ, ಯಾರನ್ನೂ ಕರೆಯದೆ ಬಂದುಬಿಟ್ಟರು. ತಂಗಿ ಬೇಡವೆನ್ನಲಿಲ್ಲ, ಮಾತೂ ಆಡಲಿಲ್ಲ. ಇವರ ಮನೆಯಲ್ಲಿ ಉಳಿದದ್ದು ವಯಸ್ಸಾದ ಒಂದು ಆಡು, ಒಂದು ಹೋತ, ಒಂದು ಪಡ್ಡೆ. ಬೆಳಗಿನ "ಸಾಕಾಗೈತವ್ವ" ಆಮೇಲೆ ಬೇರೆ ಥರ ಕೇಳಿಸತೊಡಗಿತು. ಈಗ ಅದು ನಿಜವಾದ ಮಾತಾಗಿತ್ತು.

ಆ ಕಾರ್ತಿಕದಲ್ಲಿ ನನಗೆ ಹೆರಿಗೆಯಾಯಿತು. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದರಿಂದ ನನಗೆ ತವರಿನ ಬಾಣಂತನವಿರಲಿಲ್ಲ, ನಮ್ಮತ್ತೆಯೇ ಮಾಡಿದರು. ಹೆಣ್ಣುಮಗು. ಹೆತ್ತ ವಾರದಲ್ಲೇ ನನಗೆ ಜ್ವರ ಹಿಡಿದು, ಮೈಮೇಲೆ ಎಚ್ಚರವಿಲ್ಲದಂತಾಗಿ, ಎದೆಹಾಲು ಬತ್ತಿಹೋಯಿತು. ಹಸುವಿನ ಹಾಲು ಮಗುವಿಗೆ ಒಗ್ಗಲಿಲ್ಲ. ಕುಡಿದದ್ದೆಲ್ಲ ವಾಂತಿ, ಭೇದಿ. ಡಬ್ಬಿಯ ಹಾಲಿನಪುಡಿಗೆ ಯಜಮಾನರು ಶಿವಮೊಗ್ಗದವರೆಗೂ ಹೋಗಿ ಬರಿಗೈಲಿ ಬಂದರು. ಆಸ್ಪತ್ರೆಯ ಡಾಕ್ಟರು ಆಡಿನ ಹಾಲು ನೋಡಿ, ಅದೂ ಬೇಗ ನೋಡಿ ಎಂದರು. ಹಿತ್ತಲಲ್ಲಿದ್ದ ಮುದಿ ಆಡು ಬತ್ತಿತ್ತು. ಪಡ್ಡೆ ಇನ್ನೂ ಈದಿರಲಿಲ್ಲ. ಊರಲ್ಲಿ ಬೇರೆ ಆಡುಗಳಿದ್ದವು, ಆದರೆ ಮರಿ ಕುಡಿದು ಮಿಗುವಷ್ಟು ಹಾಲಿದ್ದದ್ದು ಒಂದೂ ಸಿಗಲಿಲ್ಲ.

ಮಗು ಅಳುವುದನ್ನು ನಿಲ್ಲಿಸಿತು. ಅಳು ನಿಂತದ್ದೇ ನಮಗೆ ಭಯ. ಆಮೇಲೆ ಕೇಳಿ ತಿಳಿದದ್ದು: ಅವ್ವಾರು ನಮ್ಮ ಕೋಣೆಯ ಹೊಸ್ತಿಲಾಚೆ ನಿಂತು, ನಮ್ಮತ್ತೆಯ ಮಡಿಲಲ್ಲಿದ್ದ ಮಗುವನ್ನು ಬಹಳ ಹೊತ್ತು ನೋಡಿದರು. ಸೆರಗಿಗೆ ಕೈ ಒರೆಸಿಕೊಂಡರು.

"ಇದು ನೋಡವ್ವ, ಆಪತ್ತು ಅಂದ್ರೆ" ಎಂದರು. ಆಡುಗಳಿಗೆ ಸೊಪ್ಪು ಹಾಕಲು ಪಕ್ಕದ ಮನೆಯವರಿಗೆ ಹೇಳಿ, ಕಾಲಿಗೆ ಮೆಟ್ಟು ಹಾಕಿಕೊಳ್ಳುವುದನ್ನೂ ಮರೆತು ಬಸ್ಸಿಗೆ ಹೋದರು.

ಅಲ್ಲಿ ನಡೆದದ್ದನ್ನು ಆಮೇಲೆ ತಂಗಿಯೇ ನನಗೆ ಹೇಳಿದ್ದು. ಸೊರಬದಲ್ಲಿ ಇಳಿದು, ಸಿಕ್ಕಿದ ಗಾಡಿಯಲ್ಲಿ ಸ್ವಲ್ಪ ದೂರ, ನಡೆದು ಉಳಿದ ದೂರ ಹೋಗಿ, ಅಂಗಳದಲ್ಲಿ ನಿಂತರಂತೆ. ಜಗಲಿ ಹತ್ತಲಿಲ್ಲ, ನೀರು ಕೇಳಲಿಲ್ಲ. ತಂಗಿ ಒಳಗಿನಿಂದ ನೋಡುತ್ತ ಕೂತಿದ್ದಳು.

"ಕೊಟ್ಟಿದ್ದನ್ನ ಕೇಳಾಕ ಬಂದೀನಿ" ಎಂದರಂತೆ. "ನನಗಲ್ಲ. ಮೇಷ್ಟ್ರ ಕೂಸಿಗೆ. ಕೂಸು ಅಳೋದು ಬಿಟ್ಟೈತಿ."

ತಂಗಿಯ ಮಗಳು ಬಾಣಂತನ ಮುಗಿಸಿ ಗಂಡನ ಮನೆಗೆ ಹೋಗಿಯಾಗಿತ್ತು. ಕೆಂಪಿ ಈದು ಹಾಲು ಕೊಡುತ್ತಿತ್ತು. ತಂಗಿ ಹೊರಗೆ ಬಂದು ಹಗ್ಗ ಬಿಚ್ಚಿದಳು, ಅಕ್ಕನ ಕೈಗಿಡದೆ ತಾನೇ ಹಿಡಿದುಕೊಂಡಳು. ಬೇಲಿಯಾಚೆ ನಿಂತಿದ್ದ ನೆರೆಯಾಕೆಯ ಕಡೆ ತಿರುಗಿ, "ಕೆಂಪಿ ಈಗ ನನ್ನ ಕೈಗೆ ಹೊಂದಿಕೊಂಡದೆ. ಇವಳ ಕೈಗೆ ಹಾಲು ಬಿಡಲ್ಲ. ನಾನೂ ಬರ್ತೀನಿ ಅಂತ ಹೇಳೇ ಇವಳಿಗೆ" ಎಂದಳಂತೆ.

ಮಾರನೆಯ ದಿನ ಮಧ್ಯಾಹ್ನ ಅಕ್ಕ, ತಂಗಿ, ಕೆಂಪಿ, ಕೆಂಪಿಯ ಮರಿ ನಾಲ್ವರೂ ಬಂದಿಳಿದರು. ಮರಿ ಇವರ ಕಂಕುಳಲ್ಲಿತ್ತು, ಹಗ್ಗ ತಂಗಿಯ ಕೈಯಲ್ಲಿ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತು ಬಂದಿದ್ದರು. ಕೋಳಿಗೆ ಮುಖ ಹಿಂಡಿದ್ದ ನಮ್ಮತ್ತೆ, ಕೋಳಿ ಸಾಕಿದ ಆ ಕೈಯಿಂದಲೇ ಹಾಲಿನ ಚೊಂಬನ್ನು ಈಸಿಕೊಂಡು, ನೀರು ಬೆರೆಸಿ ಕಾಯಿಸಿ, ಒಳಲೆಯಲ್ಲಿ ಹನಿಹನಿಯಾಗಿ ಮಗುವಿನ ಬಾಯಿಗೆ ಬಿಟ್ಟರು. ಆ ಹಾಲು ಹೊಟ್ಟೆಯಲ್ಲಿ ನಿಂತಿತು. ಸಂಜೆಯ ಹೊತ್ತಿಗೆ ಮಗು ಅತ್ತಿತು. ಜ್ವರದಲ್ಲಿದ್ದ ನನಗೆ ಆ ದಿನದ ನೆನಪಿರುವುದು ಆ ಅಳು ಒಂದೇ.

ನನಗೆ ಮೈ ಸರಿಹೋಗುವವರೆಗೆ ತಂಗಿ ಅಲ್ಲೇ ಉಳಿದಳು. ಅಕ್ಕ ಸೊಪ್ಪು ತರುವುದು, ತಂಗಿ ಹಾಲು ಕರೆಯುವುದು. ಮಾತು ಮಾತ್ರ ಇಲ್ಲ. ಏನಿದ್ದರೂ ನನ್ನ ಮೂಲಕ ಹೋಗಬೇಕು. "ಉಣ್ಣಾಕ ಬಾ ಅನ್ನವ್ವ ಆಕಿಗೆ" ಎಂದು ಒಂದು ಕಡೆ. "ಹಸಿವಿಲ್ಲ ಅಂತ ಹೇಳಿ ಅಮ್ಮ" ಎಂದು ಇನ್ನೊಂದು ಕಡೆ. ಇಬ್ಬರೂ ನನ್ನಿಂದ ಒಂದು ಮಾರು ದೂರದಲ್ಲಿ ಕೂತು, ಮಲಗಿದ ಬಾಣಂತಿಯನ್ನು ಟಪಾಲಿನವಳನ್ನಾಗಿ ಮಾಡಿಕೊಂಡಿದ್ದರು. ನಮ್ಮತ್ತೆಗೆ ನಗು ತಡೆಯಲಾಗುತ್ತಿರಲಿಲ್ಲ. ನನಗೆ ನಗಲೂ ಶಕ್ತಿಯಿರಲಿಲ್ಲ.

ಹಾಲು ಮಗುವಿಗೆ ಹೋದದ್ದರಿಂದ ಮರಿಗೆ ಪಾಲು ಕಡಿಮೆಯಾಗಿತ್ತು. ಇವರು ಅದಕ್ಕೆ ಗಂಜಿ ಕುಡಿಸಿ, ಎಳೆ ಚಿಗುರು ತಿನ್ನಿಸಿ, ಕೂಸಿನ ಹಾಗೆ ಹೊತ್ತು ತಿರುಗುತ್ತಿದ್ದರು. ಒಂದು ಬೆಳಗ್ಗೆ ಹಿತ್ತಲ ಬಾಗಿಲಲ್ಲಿ ನಾನು ಎಳೆಬಿಸಿಲಿಗೆ ಕೂತಿದ್ದೆ. ಇವರು ಬಗ್ಗಿ ಹಿಕ್ಕೆ ಗುಡಿಸುತ್ತಿದ್ದರು. ಹಿಂದೆ ಮರಿ ಸೆರಗು ಜಗಿಯುತ್ತಿತ್ತು. ತಂಗಿ ಹಾಲು ಕರೆಯುತ್ತಿದ್ದವಳು ಕೈ ನಿಲ್ಲಿಸಿ ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

"ಅಕ್ಕ, ಸೆರಗು ತಿಂತಾ ಅದೆ ನೋಡೇ" ಎಂದಳು.

ಇವರು ಪೊರಕೆ ಹಿಡಿದವರು ಹಾಗೆಯೇ ನಿಂತರು. ತಿರುಗಲಿಲ್ಲ. "ತಿನ್ಲಿ ಬಿಡು. ಹಾಲಂತೂ ಸಿಗಲಿಲ್ಲ ಅದಕ್ಕ" ಎಂದು ಮತ್ತೆ ಗುಡಿಸತೊಡಗಿದರು. ಆ ಇಬ್ಬರ ನಡುವೆ ರಾಜಿಯೆಂದು ನಡೆದದ್ದು ಅಷ್ಟೇ. ಆ ದಿನದಿಂದ ನನ್ನ ಟಪಾಲಿನ ಕೆಲಸ ಹೋಯಿತು.

ಮಗಳು ನಡೆಯಲು ಕಲಿತ ಮೇಲೆ ನಮಗೆ ಸಾಗರಕ್ಕೆ ವರ್ಗವಾಯಿತು. ಗಾಡಿಗೆ ಸಾಮಾನು ಹೇರುವಾಗ ಅವರು ಒಂದು ಮರಿ ಕೊಡಲು ಬಂದರು, ಮನೆಯಲ್ಲಿರಲಿ, ಯಾವ ಹೊತ್ತು ಹೇಗೋ ಎಂದು. ಸಾಗರದ ಮನೆಗೆ ಹಿತ್ತಲಿಲ್ಲ ಎಂದು ನಾನು ಒಲ್ಲೆನೆಂದೆ. ಹಿತ್ತಲಿಲ್ಲದ ಮನೆಯೂ ಒಂದು ಮನೆಯಾ ಎನ್ನುವ ಹಾಗೆ ನನ್ನ ಮುಖ ನೋಡಿದರು.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡ ಸುದ್ದಿ ಬಂತು. ಮಗಳನ್ನು ಕರೆದುಕೊಂಡು ಹೋದೆ. ಎಲ್ಲ ಮುಗಿದಿತ್ತು. ಹಿತ್ತಲು ಮಾತ್ರ ತುಂಬಿತ್ತು. ಕೆಂಪಿಯ ಸಂತಾನವೇ ಒಂದು ಹಿಂಡಾಗಿತ್ತು, ಗೂಡಿನ ತುಂಬ ಕೋಳಿ, ಕಾವಿಗೆ ಕೂತ ಹೇಟೆಗಳು. ಕಡೆಯ ದಿನಗಳಲ್ಲಿ ಜೊತೆಗಿದ್ದ ತಂಗಿ ಕಟ್ಟೆಯ ಮೇಲೆ ಕೂತಿದ್ದಳು. ಅವ್ವಾರಿಗೆ ಹೊಟ್ಟೆಯಲ್ಲಿ ಗಡ್ಡೆಯಂತೆ. ಬಹಳ ಕಾಲದಿಂದ ಇತ್ತಂತೆ, ಹಾಸಿಗೆ ಹಿಡಿಯುವವರೆಗೆ ಯಾರಿಗೂ ಹೇಳಿರಲಿಲ್ಲ. ಇಷ್ಟೊಂದು ಇದ್ದುವಲ್ಲ, ನಾಲ್ಕು ಮಾರಿ ದೊಡ್ಡಾಸ್ಪತ್ರೆಗೆ ಹೋಗಬಹುದಿತ್ತಲ್ಲ ಎಂದು ನಾನು ಅತ್ತುಬಿಟ್ಟೆ. ನನ್ನ ಮಗಳು ಆ ಹಿತ್ತಲಿನಿಂದ ಬದುಕಿ ಬಂದವಳು. ನಾನು ಅವರಿಗಾಗಿ ಒಂದು ಹೊರೆ ಸೊಪ್ಪನ್ನೂ ಹೊತ್ತು ತಂದಿರಲಿಲ್ಲ. ಈ ಋಣ ಇನ್ನು ತೀರುವುದಲ್ಲ ಎಂದು ಅಲ್ಲಿ ನಿಂತಾಗಲೇ ನನಗೆ ತಿಳಿದಿತ್ತು.

ತಂಗಿ ದಣಿದುಹೋಗಿದ್ದಳು. ಅಳುವುದನ್ನೆಲ್ಲ ಅತ್ತು ಮುಗಿಸಿದ್ದಳು.

"ನಾನೂ ಅದನ್ನೇ ಹೇಳ್ದೆ ಅಮ್ಮ. ಇದಲ್ದೆ ಇನ್ಯಾವುದೇ ನಿನ್ನ ಆಪತ್ತು ಅಂತ ಕೇಳ್ದೆ. ಇದು ನನಗೊಬ್ಬಳಿಗೆ ಬಂದಿದ್ದು, ಆಪತ್ತಲ್ಲ ಅಂದ್ಲು."

ಹೇಳಿ ಆಕೆ ಎದ್ದಳು. ಆಡುಗಳಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು. ನಾನು ಸೆರಗು ಸಿಕ್ಕಿಸಿಕೊಂಡು ಆಕೆಯ ಹಿಂದೆ ಹೋದೆ.