ಒಗ್ಗರಣೆ ಹಾಕಬೇಡಿ ಅಂದಿದ್ದಕ್ಕೆ

ಗೆಳೆಯರೇ, ಇವತ್ತು ಬೆಳಿಗ್ಗೆ ಪಕ್ಕದ ಮನೆ ಗೌರಕ್ಕನಿಗೆ "ದಯವಿಟ್ಟು ಒಗ್ಗರಣೆ ಹಾಕಬೇಡಿ" ಅಂದೆ. ಹೊಸನಗರದಲ್ಲಿ ಇಂಥ ಮಾತು ಯಾರೂ ಆಡಿರಲಿಕ್ಕಿಲ್ಲ.

"ನನ್ನ ಒಗ್ಗರಣೆಗೆ ಎಂತ ಆಗಿದೆ?" ಅಂತ ಸೌಟು ಹಿಡಿದೇ ಹೊರಗೆ ಬಂದರು.

ಹೇಳಲೇಬೇಕಾಯ್ತು. ನನ್ನ ಹೆಂಡತಿ ಶಾರದೆಗೆ ಗರ್ಭಕೋಶದ ಕ್ಯಾನ್ಸರ್. ಬೆಂಗಳೂರಿನ ಹೊಸ ಕೋಬಾಲ್ಟ್ ಮೆಷಿನ್ನಿನಲ್ಲಿ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಮೊನ್ನೆ ಬಂದಿದ್ದಾಳೆ. ಸಾಸಿವೆ ಸಿಡಿದ ವಾಸನೆ ಬಂದರೆ ಸಾಕು, ವಾಂತಿ. ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿಲ್ಲ.

ಗೌರಕ್ಕ ಸಟ್ಟನೆ ತಿರುಗಿ ಒಳಗೆ ಹೋದರು. ಸಿಟ್ಟಾದರು ಅಂದುಕೊಂಡೆ. ಅರ್ಧ ಗಂಟೆಗೆ ನಮ್ಮ ಮನೆಗೇ ಬಂದರು, ಕೈಯಲ್ಲಿ ತಣ್ಣನೆಯ ಮೊಸರನ್ನ. ಉಪ್ಪು ಬಿಟ್ಟು ಮತ್ತೇನೂ ಹಾಕಿರಲಿಲ್ಲ.

"ಬಸುರಿಯಾಗಿದ್ದಾಗ ನಂಗೂ ಹಿಂಗೇ ಆಗ್ತಿತ್ತು ಮಾರಾಯ್ತಿ. ಎರಡು ತುತ್ತು ತಿನ್ನು, ಸುಧಾರಿಸ್ಕೊಂಡು ಮತ್ತೆರಡು" ಅಂತ ಶಾರದೆಯ ಪಕ್ಕದಲ್ಲೇ ಕೂತರು.

ಮಧ್ಯಾಹ್ನದ ಹೊತ್ತಿಗೆ ಬಟ್ಟಲು ಖಾಲಿ. ವಾಂತಿ ಇಲ್ಲ! "ಇನ್ನೊಂಚೂರು ಇದ್ಯಾ ಗೌರಕ್ಕ?" ಅಂತ ಶಾರದೆ ಕೇಳಿದಾಗ ನಾನು ಕುಣಿಯೋದೊಂದು ಬಾಕಿ.

ಆಮೇಲೆ ಗೌರಕ್ಕ ಅಡುಗೆಮನೆಗೆ ಹೋಗಿ, ನಾನೇ ಮಾಡಿ ದಿನಾ ಶಾರದೆಗೆ ಕುಡಿಸುತ್ತಿದ್ದ ಗಂಜಿಯ ರುಚಿ ನೋಡಿದರು.

"ಪಾಪ, ಎಲ್ಲಾ ತಪ್ಪನ್ನೂ ಕರೆಂಟಿನ ಮೇಲೆ ಹಾಕ್ಬೇಡಿ" ಅಂದರು.