ಮೂರನೇ ಹಾಡಿಗೆ ಬಾಗಿಲು ತಟ್ಟಿದವರು

ಓಕ್ಲ್ಯಾಂಡಿನ ಹಳೇ ರೆಕಾರ್ಡುಗಳ ಅಂಗಡಿಯಲ್ಲಿ ಆ ಎಲ್‌ಪಿಯನ್ನು ಕೊಂಡದ್ದು ಮುಖಪುಟದ ಹುಡುಗಿಯ ನಗು ನೋಡಿ. ಅರವತ್ತರ ದಶಕದಲ್ಲಿ ಅವಳು ಒಂದು ಪಾಪ್ ತಂಡದ ಗಾಯಕಿ. ತಂಡ ಬಿಟ್ಟ ಮೇಲೆ ಬೇರೆಯವರ ಹಾಡುಗಳನ್ನೇ ಆರಿಸಿಕೊಂಡು ಒಬ್ಬಳೇ ಹಾಡಿದ ಆಲ್ಬಮ್ಮು ಇದು. "ದನಿ ಅದ್ಭುತ. ಆದರೆ ಎಲ್ಲಾ ಹಾಡೂ ಚೆನ್ನಾಗಿರುತ್ತೆ ಅಂದ್ಕೋಬೇಡಿ," ಅಂದ ಅಂಗಡಿಯವನು.

ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಅಪಾರ್ಟ್‌ಮೆಂಟಿಗೆ ಬಂದು ಅದನ್ನು ಹಾಕಿದಾಗ ಅತ್ತೆ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಧಾರವಾಡದಿಂದ ನಮ್ಮ ಜೊತೆ ಇರಲು ಬಂದವರು. ಹರೆಯದಲ್ಲಿ ಮದುವೆಮನೆ, ಗಣಪತಿ ಪೆಂಡಾಲು ಅಂತ ಭಾವಗೀತೆ ಹಾಡಿದವರು. ಮೊದಲ ಹಾಡಿಗೆ ತಲೆದೂಗಿದರು. ಎರಡನೆಯದರಲ್ಲಿ ಡ್ರಮ್ಮಿನ ಗದ್ದಲದ ಮೇಲೆ ಗಾಯಕಿ ಕಿರುಚತೊಡಗಿದಾಗ, "ಅಯ್ಯ, ಈಕಿಗೇನಾತವಾ? ಇದು ಈಕಿ ಹಾಡೋ ಹಾಡಲ್ಲ ಬಿಡು," ಅಂದರು. ಮೂರನೆಯದು ನಿಧಾನದ ಹಾಡು. ಅತ್ತೆ ಸೊಪ್ಪು ಬಿಡಿಸುವುದನ್ನೇ ಮರೆತರು.

ಆಗಲೇ ಯಾರೋ ಬಾಗಿಲು ತಟ್ಟಿದರು. ನೋಡಿದರೆ ಕೆಳಗಿನ ಮನೆಯ ಅಮೆರಿಕನ್ ಅಜ್ಜಿ. "ಸಾರಿ, ಸೌಂಡು ಕಡಿಮೆ ಮಾಡ್ತೀನಿ," ಅಂದೆ ಗಾಬರಿಯಲ್ಲಿ.

"ಬೇಡ, ಜಾಸ್ತಿ ಮಾಡು! ಕಾಲೇಜಿನಲ್ಲಿದ್ದಾಗ ಈ ರೆಕಾರ್ಡನ್ನ ಕೇಳಿ ಕೇಳಿ ಸವೆಸಿಬಿಟ್ಟಿದ್ದೆ. ಮುಂದಿನ ಹಾಡು ಮಾತ್ರ ಹಾಕಬೇಡ, ಕೇಳಕ್ಕಾಗಲ್ಲ," ಎನ್ನುತ್ತಾ ಅವರು ಒಳಗೇ ಬಂದು ಅತ್ತೆಯ ಪಕ್ಕ ಕೂತರು.

ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಪ್ರತಿ ಹಾಡಿಗೂ ಮುಖ ಕಿವಿಚುವುದು, ತಲೆದೂಗುವುದು ಇಬ್ಬರದೂ ಒಂದೇ ಸಲ. ಕೊನೆಯ ಹಾಡಿಗೆ ಮಾತ್ರ ಜಗಳ. ಅಜ್ಜಿ ಕಣ್ಣುಮುಚ್ಚಿ ಮೈಮರೆತಿದ್ದರೆ ಅತ್ತೆ, "ಭಾಳ ಓಡಲಿಕ್ಕೆ ಹತ್ಯಾಳ. ಎಲ್ಲಿಗೆ ಅವಸರ ಈಕಿಗೆ?" ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ.

"ಹಾಗಾದರೆ ಹೇಗೆ ಹಾಡಬೇಕಿತ್ತಂತೆ, ಕೇಳು!" ಅಂದರು ಅಜ್ಜಿ.

ಅತ್ತೆ ನಾಚಿಕೊಂಡರು. ಆಮೇಲೆ ಕೈಯಲ್ಲಿದ್ದ ಸೊಪ್ಪನ್ನು ಬದಿಗಿಟ್ಟು, ಅದೇ ರಾಗವನ್ನು ಎಳೆದು ಎಳೆದು ಗುನುಗಿದರು. ಅಜ್ಜಿ ಮೆಲ್ಲಗೆ ಪದಗಳನ್ನು ಸೇರಿಸಿದರು. ಮೇಲಿನ ಸ್ವರಕ್ಕೆ ಹೋದಾಗ ಇಬ್ಬರ ಗಂಟಲೂ ಕೈಕೊಟ್ಟಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಇಲ್ಲಿಗೆ ಬಂದ ಮೇಲೆ ಅತ್ತೆ ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮುಂದಿನ ವಾರ ಅಜ್ಜಿ ತಮ್ಮ ಹಾಡಿನ ಗುಂಪಿಗೆ ಅತ್ತೆಯನ್ನೂ ಕರೆದೊಯ್ದರು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ನನ್ನ ಸ್ನೀಕರ್ಸು ಹಾಕಿಕೊಂಡು ಹೋದ ಅತ್ತೆ ವಾಪಸು ಬಂದು ಚಹಾ ಕೇಳಿದರು.

"ಹೆಂಗಿತ್ತು ಅತ್ತೆ?" ಅಂದೆ, ಅವರದೇ ಧಾಟಿಯಲ್ಲಿ.

"ಶ್ರುತಿ ಛಲೋ ಅದ, ತಾಳಕ್ಕ ಮಾತ್ರ ಯಾರೂ ಕಾಯಂಗಿಲ್ಲ," ಅಂದರು. "ಮುಂದಿನ ವಾರ ನಾನೇ ತಾಳಾ ಹಾಕ್ತೀನಿ ಅಂತ ಹೇಳಿ ಬಂದೀನಿ."